ಕರೆಮ್ಮನ ಹೆಬ್ಬೆರಳು

‘ಹೊರರೋಗಿ ಚೀಟಿ ಶುಲ್ಕ ಎರಡು ರೂಪಾಯಿ’ ಎಂಬ ಹೊಸ ಬೋರ್ಡು ತಾಲೂಕಿನ ಸರಕಾರಿ ದವಾಖಾನೆಯ ಗೋಡೆಗೆ ಬಿದ್ದದ್ದು ತೊಂಬತ್ತಾರರ ಆಸುಪಾಸು. ಅದರ ಕೆಳಗಿನ ಕಿಟಕಿಯಲ್ಲಿ ದಿನಗೂಲಿಯ ಮೇಲೆ ಚೀಟಿ ಬರೆಯಲು ಕುಳಿತ ಗದ್ದೆಪ್ಪ ಬಿ.ಎ. ಪಾಸಾದವನು, ಅದೂ ಕನ್ನಡದಲ್ಲಿ. ಹೊರರೋಗಿ ಎಂದರೆ ಹೊರಊರಿನ ರೋಗಿ ಎಂದು ಯಾರನ್ನೂ ಕೇಳದೆ ತಿಳಿದುಕೊಂಡ. ಮೂರು ದಿನ ಜವಳಗೇರಾದವರಿಂದ, ಮಸ್ಕಿಯವರಿಂದ ರೊಕ್ಕ ವಸೂಲಿ ಮಾಡಿ, ಊರವರನ್ನೆಲ್ಲ ನಗುನಗುತ್ತ ಪುಕ್ಕಟೆ ಬಿಟ್ಟ. ಮುದಗಲ್ಲಿನವನೊಬ್ಬ ಜಗಳ ತೆಗೆದಾಗ, “ನಿಮ್ಮೂರಾಗ ದವಾಖಾನಿ ಇಲ್ಲೇನು?” ಎಂದು ದಬಾಯಿಸಿದ್ದೂ ಆಯಿತು.

ನಾಲ್ಕನೇ ದಿನ ದೊಡ್ಡ ಡಾಕ್ಟರು ಕರೆದರು. “ಹೊರರೋಗಿ ಅಂದ್ರ ಇಲ್ಲಿ ಮಲಗದ, ಔಷಧ ತಗೊಂಡು ಮನಿಗೆ ಹೋಗಾಂವಪಾ. ಕನ್ನಡ ಎಲ್ಲಿ ಓದೀದಿ ನೀ?”

ಕಂಪೌಂಡರ್ ದಾವಲ್‌ಸಾಬ್ ಅಂದಿನಿಂದ ಅವನನ್ನು ‘ಒಳರೋಗಿ’ ಎಂದೇ ಕರೆಯತೊಡಗಿದ.

ನಗೆಪಾಟಲಾದ ಗದ್ದೆಪ್ಪ ಕಡಕ್ ಆದ. ಹಸಿರು ಕಾರ್ಡಿನ ಬಡ ಕುಟುಂಬಗಳಿಗೆ ಚೀಟಿಯಿಂದ ಹಿಡಿದು ಆಪರೇಶನ್ನಿನ ದರದವರೆಗೆ ಎಲ್ಲ ಮಾಫಿ ಎಂದು ಬೋರ್ಡಿನ ಕೊನೆಯ ಸಾಲು ಹೇಳುತ್ತಿತ್ತು. ಅವನು ಒಂದೊಂದು ಕಾರ್ಡನ್ನೂ ಖೋಟಾ ನೋಟಿನಂತೆ ಬೆಳಕಿಗೆ ಹಿಡಿದು ನೋಡಿದ. ಅಷ್ಟೂ ಸಾಲದೆ ಒಂದು ಮುಂಜಾನೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: “ಬಡವ್ರು ಎಡಕ್ಕ ನಿಲ್ರಿ, ಉಳದವ್ರು ಬಲಕ್ಕ!”

ಬಲಗಡೆಯ ಸಾಲು ಬೇವಿನ ಮರದವರೆಗೆ ಬೆಳೆಯಿತು. ಎಡಕ್ಕೆ ಒಂದು ನಾಯಿ ಮಲಗಿತ್ತು.

ಆ ಬಲಗಡೆಯ ಸಾಲಿನಲ್ಲಿ ಜವಳಗೇರಾದ ಕರೆಮ್ಮ ನಿಂತಿದ್ದಳು. ಕಾಲುವೆ ಸೀಮೆಯಲ್ಲಿ ನೆಲ್ಲು ಹಚ್ಚುವ ಹೆಂಗಸರು ಗುಂಪು ಕಟ್ಟಿಕೊಂಡು ಕೆಲಸ ಹಿಡಿಯುತ್ತಾರೆ. ಅಂಥ ಹನ್ನೆರಡು ಮಂದಿಗೆ ಅವಳು ಮುಂದಾಳು. ಗಂಡ ಪಂಪಣ್ಣ ತೀರಿದ ಮೇಲೆ ಆ ಗುಂಪೇ ಅವಳ ಸಂಸಾರ. ಕೆಸರಿನಲ್ಲಿ ಮೊದಲ ಸಾಲು ಅವಳದು. ಅವಳ ಕೈ ನೋಡಿಕೊಂಡು ಉಳಿದವರು ಸಸಿ ಊರುತ್ತ ಹಿಂದೆ ಸರಿಯುತ್ತಿದ್ದರು. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ರೈತರು ಕೂಲಿಗೆ ಚೌಕಾಸಿ ಮಾಡಿದರೆ, “ಬ್ಯಾರೆ ಮಂದಿ ನೋಡ್ಕೋರಿ, ನಾವು ಹೊಂಟ್ವಿ” ಎಂದು ಸೆರಗು ಕೊಡವಿ ನಡೆದೇಬಿಡುತ್ತಿದ್ದಳು. ರೈತರೇ ಬದುವಿನ ತನಕ ಬಂದು ಕರೆಯಬೇಕು. ಸಸಿಯನ್ನು ಕೆಸರಿಗೆ ಊರುವುದು ಹೆಬ್ಬೆರಳು. ಈಗ ಬಲಗೈಯ ಆ ಹೆಬ್ಬೆರಳೇ ಉಗುರುಸುತ್ತಾಗಿ ಬದನೆಕಾಯಿಯಂತೆ ಊದಿತ್ತು. ಗುಂಪಿನ ನಾಲ್ಕು ಹೆಂಗಸರು ಕೆಮ್ಮುವ ಕೂಸುಗಳನ್ನು ಎತ್ತಿಕೊಂಡು ಅವಳ ಹಿಂದೆಯೇ ನಿಂತಿದ್ದರು.

ಕಿಟಕಿಗೆ ಬಂದವಳು ಸೆರಗಿನ ಮರೆಯಿಂದ ಹಸಿರು ಕಾರ್ಡನ್ನು ಒಳಗೆ ಸರಿಸಿದಳು.

“ಬಡವ್ರು ಎಡಕ್ಕ ಅಂದದ್ದು ಕೇಳ್ಸಲಿಲ್ಲೇನು?”

“ಕೇಳ್ಸೇತಿ ತಮ್ಮಾ. ಮೆಲ್ಲಕ ಮಾತಾಡು.”

ಮೆಲ್ಲಕ ಅನ್ನಬಾರದಿತ್ತು. ಗದ್ದೆಪ್ಪನಿಗೆ ಕಳ್ಳಮಾಲು ಸಿಕ್ಕಷ್ಟು ಹುರುಪು ಬಂತು. “ಕಿವ್ಯಾಗ ಬಂಗಾರದ ಬೆಂಡೋಲಿ, ಕೈಯಾಗ ಬಡವ್ರ ಕಾರ್ಡು! ಯಾರ ಕಾರ್ಡಬೇ ಇದು?”

ಸಾಲು ಗೊಳ್ಳೆಂದು ನಕ್ಕಿತು. ಕರೆಮ್ಮ ಹಿಂತಿರುಗಿ ನೋಡಿದಳು. ಅವಳ ಗುಂಪಿನವರು ನಗಲಿಲ್ಲ, ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಅವಳು ಕಾರ್ಡನ್ನು ಎತ್ತಿಕೊಂಡು, ಊದಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಹೋದಳು.

“ಶಾಬಾಸ್ ಒಳರೋಗಿ,” ಎಂದ ದಾವಲ್‌ಸಾಬ್. “ಅಂಥಾ ಬಂಗಾರ ಸಂತ್ಯಾಗ ಹತ್ತು ರೂಪಾಯಿಗೆ ಜೋಡಿ.”

ಇನ್ನೊಂದು ಮಾತನ್ನು ಬಾಯಿ ಬಿಟ್ಟು ಹೇಳಲೇಬೇಕು. ಹದಿನೈದು ದಿನದ ಹಿಂದೆ ಗದ್ದೆಪ್ಪ ಇದೇ ದವಾಖಾನೆಯಲ್ಲಿ ಹಲ್ಲು ಕೀಳಿಸಿಕೊಂಡಿದ್ದ. ದಿನಗೂಲಿ ಎಣಿಸುವ ಕೈಯಲ್ಲಿ ಹೊಸ ವಾಚು. ತೋರಿಸಿದ್ದು ಅವ್ವನ ಹಸಿರು ಕಾರ್ಡು. ಚೀಟಿಯ ಮೇಲೆ ‘ಮಾಫಿ’ ಎಂದು ದುಂಡಗೆ ಬರೆದುಕೊಂಡವನೂ ತಾನೇ. ವಾಚು ಕಟ್ಟಿದ ಕೈಯಲ್ಲಿ ಯಾರ ಕಾರ್ಡೆಂದು ಒಬ್ಬರೂ ಕೇಳಿರಲಿಲ್ಲ.

ಹನ್ನೆರಡು ದಿನದ ಮೇಲೆ ಕರೆಮ್ಮ ಮತ್ತೆ ಬಂದಳು. ಅರಿಶಿನ, ಸುಣ್ಣ, ಯಾರೋ ಹೇಳಿದ ಸೊಪ್ಪು ಎಲ್ಲ ಕಟ್ಟಿದ್ದಾಗಿತ್ತು. ಬೆರಳು ಕಪ್ಪಗಾಗಿ ನಾರುತ್ತಿತ್ತು. ಈ ಸಲ ಗದ್ದೆಪ್ಪ ಏನೂ ಕೇಳದೆ ಚೀಟಿ ಬರೆದು, ತಾನೇ ಒಳಗೆ ಕರೆದೊಯ್ದು, ಬಾಗಿಲಲ್ಲಿ ನಿಂತ.

“ಇಷ್ಟ ದಿನ ಎಲ್ಲಿ ಹೋಗಿದ್ದೆವಾ? ಮೊದಲಾ ಬಂದಿದ್ರ ಕೀವು ತಗದು ಕಳಿಸ್ತಿದ್ದೆ. ಈಗ ಗಿಣ್ಣಿನ ತನಕ ತಗೀಬೇಕು,” ಎಂದರು ಡಾಕ್ಟರು.

ಕರೆಮ್ಮ ಬಾಗಿಲ ಕಡೆ ಒಮ್ಮೆ ನೋಡಿದಳು. “ಕೆಲಸಿತ್ರಿ,” ಎಂದಳು.

ತನ್ನ ಹೆಸರು ಬರಲಿಲ್ಲ, ನೌಕರಿ ಉಳಿಯಿತು ಎಂದು ಗದ್ದೆಪ್ಪನ ಎದೆ ಹಗುರಾಯಿತು. ಮೊದಲು ಬಂದದ್ದು ಅದು. ನಾಚಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಆ ಹಂಗಾಮಿನಲ್ಲಿ ಮೊದಲ ಸಾಲು ಗುಂಪಿನಲ್ಲೇ ಇದ್ದ ಯಮನೂರಮ್ಮನ ಪಾಲಾಯಿತು. ಹೆಬ್ಬೆರಳು ಹೋದ ಕರೆಮ್ಮ ಸಸಿಯ ಕಟ್ಟು ಹೊತ್ತು ಬದುವಿನ ಮೇಲೆ ಓಡಾಡುವುದನ್ನು ಗದ್ದೆಪ್ಪ ಬಸ್ಸಿನ ಕಿಟಕಿಯಿಂದ ನೋಡಿದ. ಪಕ್ಕದವನು “ಏನ್ ನೋಡ್ತೀರಿ?” ಎಂದಾಗ, “ನೆಲ್ಲು” ಎಂದ.

ಪಟ್ಟಿ ಬದಲಿಸಲು ಅವಳು ವಾರಕ್ಕೊಮ್ಮೆ ಬರುತ್ತಿದ್ದಳು. ಗದ್ದೆಪ್ಪ ಕಾರ್ಡು ಬೇಡವೆಂದರೂ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಬಿಚ್ಚಿಡುತ್ತಿದ್ದಳು. ಅವನು ನೋಡುವ ತನಕ ಕೈ ತೆಗೆಯುತ್ತಿರಲಿಲ್ಲ. ಒಂದು ದಿನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಗದ್ದೆಪ್ಪ ಪೆನ್ನು ಕೆಳಗಿಟ್ಟ.

“ಯವ್ವಾ, ನನ್ನ ಮ್ಯಾಲ ಸಿಟ್ಟು ಐತೇನಬೇ?”

“ಐತಿ,” ಎಂದಳು ಕರೆಮ್ಮ. “ಚೀಟಿ ಬರಿ.”