ಗಾಳಿಗೆ ಅಡ್ಡ ಉತ್ತವಳು

ಬೆಟ್ಟದಪುರದ ಹತ್ತಿರ, ನನ್ನ ಹೊಲಕ್ಕೆ ಮೂಡಲಿಗೆ, ನಾನು ಅಕ್ಕ ಎಂದು ಕರೆಯುವ ಹೆಂಗಸೊಬ್ಬಳ ಹೊಲ. ಆ ಬೇಸಿಗೆ ರಸ್ತೆ ಬದಿಯ ಹುಲ್ಲಿಗೆ ಹತ್ತಿದ ಬೆಂಕಿ ಎರಡೂ ಹೊಲಗಳಲ್ಲಿ ಕುಯ್ದ ಬೆಳೆಯ ಕೂಳೆಯನ್ನು, ಬೇಲಿಯನ್ನು ಸುಟ್ಟಿತು. ಗಾಳಿ ತಡೆಯಲು ಒಂದು ಕಡ್ಡಿಯೂ ಉಳಿಯಲಿಲ್ಲ.

ಹೊಗೆಸೊಪ್ಪಿನ ಸಸಿ ನೆಡಲೆಂದು ನಾನು ಎರಡು ಸಲ ಕುಂಟೆ ಹೊಡೆದು ಮಣ್ಣನ್ನು ಹಿಟ್ಟಿನಂತೆ ನುಣ್ಣಗೆ ಮಾಡಿದೆ. ಆಕೆ ಎತ್ತು ಹೂಡುವ ಮುಂಚೆ ಒಂದು ಚಿಟಿಕೆ ಬೂದಿಯನ್ನು ತಲೆಯೆತ್ತರದಿಂದ ಬಿಟ್ಟು, ಅದು ಹಾರುವ ದಿಕ್ಕನ್ನು ನೋಡಿದಳು. ಆ ದಿಕ್ಕಿಗೆ ಅಡ್ಡಲಾಗಿ ಆಳವಾಗಿ ಉತ್ತು, ಎದ್ದ ಮಣ್ಣಿನ ಹೆಂಟೆಗಳನ್ನು ಒಡೆಯದೆ ಬಿಟ್ಟಳು. ದನಕ್ಕೆ ಇಟ್ಟಿದ್ದ ರಾಗಿ ಹುಲ್ಲನ್ನೂ ತಂದು ಮೇಲೆ ಹರಡಿದಳು.

"ಏನಕ್ಕ, ಹೊಲ ಹಂದಿ ಗೆಬ್ಬಿದಂಗೈತೆ!" ಎಂದೆ.

"ಇರ್ಲಿ ಬುಡಪ್ಪ." ಯಾರು ಏನೆಂದರೂ ಆಕೆಯದು ಅದೇ ಮಾತು.

ಗಾಳಿ ಮೂರು ದಿನ ಬೀಸಿತು. ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಹೊಲದಲ್ಲಿ ಅಡಿಯ ಗಟ್ಟಿ ನೆಲ ಕಾಣುತ್ತಿತ್ತು. ನನ್ನ ಮಣ್ಣು ಆಕೆಯ ಸಾಲುಗಳಲ್ಲಿ ತುಂಬಿಕೊಂಡು ಕೂತಿತ್ತು. ಮಣ್ಣು ಹೋದದ್ದಕ್ಕಿಂತ, ಅದು ಆಕೆಗೆ ಸಿಕ್ಕಿದ್ದು ಹೆಚ್ಚು ಉರಿಸಿತು.

"ನಮ್ ಮಣ್ಣೆಲ್ಲ ನಿನ್ ಸಾಲಿಗೇ ಸೇರ್ಕತಲ್ಲಕ್ಕ!"

"ಗಾಡಿ ತತ್ತಾ, ತುಂಬ್ಕೊಂಡೋಗು. ಆದ್ರೆ ಅಂಗೇ ನುಣ್ಣಗೆ ಮಡಿಕಂಡ್ರೆ ನಾಳಿದ್ದು ಮತ್ತೆ ಇಲ್ಲಿಗೇ ಬತ್ತದೆ ಕಣಪ್ಪ."

ಉತ್ತರಕ್ಕೆ ಕಾಯದೆ ಆಕೆ ಎತ್ತುಗಳನ್ನು ನೇಗಿಲಿಗೆ ಹೂಡಿ ನನ್ನ ಹೊಲಕ್ಕೆ ತಿರುಗಿಸಿದಳು. ನೇಗಿಲ ಹಿಂದೆ ಹಿಂದೆಯೇ ನಡೆಯುತ್ತ, ನನ್ನ ಹೆಂಟೆಗಳು ಆಕೆಯವಷ್ಟು ದಪ್ಪ ಏಳುತ್ತಿವೆಯೋ ಇಲ್ಲವೋ ಎಂದು ನೋಡುತ್ತಿದ್ದೆ.