ಅವ್ವನಿಗೆ ಬರೆದು ತೋರಿಸಿದ ಮುಖ

ನ್ಯಾಮತಿಯಲ್ಲಿ ನಾಟಕವೊಂದಕ್ಕೆ ನಾನು ಬರೆದ ಪರದೆ ನೋಡಿ ನಾಟಕದ ಮೇಷ್ಟ್ರು ಎಲ್ಲರೆದುರೇ, "ಇದು ಅರಮನೆ ಏನ್ರೀ? ದನದ ಕೊಟ್ಟಿಗೆ ಇದ್ದಂಗೈತೆ. ನಿಮಗೆ ಬರೆಯಾಕೆ ಬರಲ್ಲ, ಬಿಟ್ಟುಬಿಡ್ರಿ" ಎಂದಿದ್ದರು. ಬಿಟ್ಟುಬಿಟ್ಟೆ. ಬಣ್ಣಗಳನ್ನೂ ಯಾರಿಗೋ ಕೊಟ್ಟೆ.

ಕಳೆದ ವರ್ಷ ಅವ್ವನಿಗೆ ಲಕ್ವ ಹೊಡೆದು ಮಾತು ನಿಂತಿತು. ಚನ್ನಗಿರಿಯ ಆಸ್ಪತ್ರೆಯಲ್ಲಿ ಏನೋ ಬೇಕೆಂದು ಮಂಚ ಬಡಿಯುತ್ತಿದ್ದಳು. ನೀರು ಕೊಟ್ಟರೆ ತಳ್ಳಿದಳು, ಹೊದಿಸಿದರೆ ಕಿತ್ತೆಸೆದಳು. ನನಗೆ ಅಳುವೇ ಬಂತು. ಬೇರೆ ದಾರಿ ಕಾಣದೆ ಔಷಧಿಯ ಚೀಲದ ಮೇಲೆ ಪೆನ್ನಿನಿಂದ ಫ್ಯಾನು, ಕಿಟಕಿ, ಹೊನ್ನಾಳಿಯಲ್ಲಿದ್ದ ತಂಗಿಯ ಮುಖ ಬರೆದು ತೋರಿಸಿದೆ. ಅವ್ವ ಆ ಮುಖದ ಮೇಲೆ ಬೆರಳಿಟ್ಟು ಬಿಕ್ಕಿದಳು. ಸಂಜೆಯೊಳಗೆ ತಂಗಿ ಬಂದು ಅವಳ ಕೈ ಹಿಡಿದು ಕುಳಿತಳು.

ಅವ್ವ ಉಳಿಯಲಿಲ್ಲ. ಅವಳ ಮುಖವೂ ಮರೆತುಹೋದೀತೆಂಬ ಭಯಕ್ಕೆ ಹೊಸ ಬಣ್ಣ ತಂದೆ. ದಿನಾ ಬರೆಯುತ್ತಿದ್ದೇನೆ. ಕಣ್ಣುಗಳು ಇನ್ನೂ ಅವಳವಾಗಿಲ್ಲ.