ಬಕೆಟ್ ಅಕ್ಕ ಮತ್ತು ಬಿಳಿ ಚುಕ್ಕೆ ಬಿದ್ದ ಹಳದಿ ಮೀನು

ಬಕೆಟ್ ಅಕ್ಕನ ಮುತ್ತಜ್ಜ ಬಾವಿ ತೋಡುವವನು. ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು, ಈ ಬಾವಿ ಎಷ್ಟು ವರ್ಷಕ್ಕೆ ಉಪ್ಪಾಗುತ್ತದೆ ಎಂದು ಹೇಳಿಬಿಡುತ್ತಿದ್ದ. ಅವನ ಮಾತು ಕೇಳದೆ ಶ್ರೀಮಂತನೊಬ್ಬ ತೋಡಿಸಿದ ಬಾವಿಯ ನೀರನ್ನು ಆ ಶ್ರೀಮಂತನ ಎಮ್ಮೆಗಳೂ ಮೂಸಿ ನೋಡಲಿಲ್ಲ. ಅಜ್ಜಿ ಉಪ್ಪಿನ ಗದ್ದೆಯಲ್ಲಿ ಮೂವತ್ತು ವರ್ಷ ಬರಿಗಾಲಲ್ಲಿ ನಿಂತವಳು. ತೂಕದಲ್ಲಿ ಕೈಚಳಕ ತೋರಿಸಿದ ಮೇಸ್ತ್ರಿಯ ತಕ್ಕಡಿಯನ್ನು ಅವನ ತಲೆಯ ಮೇಲೇ ಬೋರಲು ಹಾಕಿದವಳು. ಅಪ್ಪ ದನದ ಆಸ್ಪತ್ರೆಯ ಕಾಂಪೌಂಡರ್. ಡಾಕ್ಟರು ತಪ್ಪು ಬರೆದರೆ ಔಷಧಿ ಕೊಡದೆ ಚೀಟಿಯನ್ನೇ ವಾಪಸು ಕಳಿಸುತ್ತಿದ್ದ. ಅದಕ್ಕೆ ಮೂರು ಸಲ ವರ್ಗವಾಯಿತು, ಚಾಳಿ ಮಾತ್ರ ಬಿಡಲಿಲ್ಲ. ಇಂಥವರ ಹೊಟ್ಟೆಯಲ್ಲಿ ಹುಟ್ಟಿದವಳು ಯಾರಿಗೆ ತಲೆ ಬಗ್ಗಿಸುತ್ತಾಳೆ?

ಈಕೆ ಕಣ್ಣಿನ ಆಸ್ಪತ್ರೆಯಲ್ಲಿ ನೆಲ ಒರೆಸಲು ಸೇರಿದಳು. ರೋಗಿಗಳು ಕಾಯುವ ಹಾಲಿನಲ್ಲಿ ಆಳೆತ್ತರದ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರಿನ ಮೀನುಗಳು. ನೋಡಿಕೊಳ್ಳುವವರು ಒಬ್ಬೊಬ್ಬರಾಗಿ ಕೈಕೊಟ್ಟ ಮೇಲೆ, ಹೇಗೂ ಬಕೆಟ್ಟು ಹಿಡಿದವಳು ನೀನೇ ಎಂದು ಅದನ್ನೂ ಅವಳ ಕೊರಳಿಗೆ ಕಟ್ಟಿದರು. ಹಳೆಯ ಪುಸ್ತಕ ಓದಿ, ಸತ್ತ ಮೀನುಗಳನ್ನು ಭೂತಗನ್ನಡಿಯಲ್ಲಿ ನೋಡಿ ತಾನೇ ಕಲಿತಳು. ಅಂಗೈಯಗಲದ ಹಳದಿ ಮೀನೊಂದು ಅವಳ ಕೈಯಲ್ಲಿ ಹನ್ನೊಂದು ವರ್ಷ ಬದುಕಿತ್ತು. ಬಕೆಟ್ಟಿನ ಹಿಡಿ ಸದ್ದಾದರೆ ಸಾಕು, ಗಾಜಿಗೆ ಮೂತಿ ಒತ್ತಿ ನಿಲ್ಲುತ್ತಿತ್ತು. ಆಸ್ಪತ್ರೆಯ ಪಂಪು ರಿಪೇರಿಗೆ ಹೋಗುತ್ತಿದ್ದ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಆ ಕಣ್ಣಿನ ಡಾಕ್ಟರಿಗೆ ಒಬ್ಬ ಭಾಮೈದ. ಮೀನಿನ ಅಂಗಡಿ ಇಟ್ಟಿದ್ದ. ಎಲ್ಲ ರೋಗಕ್ಕೂ ಅವನಲ್ಲಿ ಒಂದೇ ಕೆಂಪು ಬಾಟಲಿ. ಬಾಟಲಿಯ ಮೇಲೆ ಬರೆದದ್ದನ್ನು ಓದುವಷ್ಟು ಪುರುಸೊತ್ತಿಲ್ಲ, ಊರಿಗೆಲ್ಲ ಉಪದೇಶ ಮಾಡುವಷ್ಟು ಪುರುಸೊತ್ತಿದೆ. ಒಂದು ದಿನ ಅಂಗಡಿಯಿಂದ ಹೊಸ ಮೀನು ತಂದು, ಒಂದು ವಾರವೂ ಬೇರೆ ಇಟ್ಟು ನೋಡದೆ, ನೇರ ತೊಟ್ಟಿಗೆ ಸುರಿದ. ಹತ್ತು ದಿನಕ್ಕೆ ಹಳದಿ ಮೀನಿನ ರೆಕ್ಕೆಯ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಎದ್ದವು. ಅದು ಕಲ್ಲಿಗೆ ಮೈ ಉಜ್ಜತೊಡಗಿತು.

ಅಕ್ಕ ಹಾರಾಡಲಿಲ್ಲ. ಬೆಚ್ಚಗಿನ ಸಿಹಿನೀರಿನಲ್ಲಿ ಮೀನನ್ನು ಐದು ನಿಮಿಷ ಬಿಟ್ಟು ನೋಡಿದಳು. ಮೈಗೆ ಅಂಟಿಕೊಳ್ಳುವ ಚಪ್ಪಟೆ ಹುಳುವಾಗಿದ್ದರೆ ಸಿಹಿನೀರಿಗೆ ಬಿಳಿಚಿ ಉದುರಬೇಕಿತ್ತು, ಉದುರಲಿಲ್ಲ. ನುಣ್ಣನೆ ಹಿಟ್ಟು ಎರಚಿದಂತಿದ್ದರೆ ಎರಡೇ ದಿನದಲ್ಲಿ ಕೊಲ್ಲುವ ಇನ್ನೊಂದು ರೋಗ; ಅದೂ ಅಲ್ಲ. ಚರ್ಮದೊಳಗೆ ಹೂತು ಕೂರುವ ಬಿಳಿ ಚುಕ್ಕೆಯ ಜೀವಿಯೇ ಸರಿ ಎಂದು ನಿರ್ಧರಿಸಿದಳು.

ಭಾಮೈದ ಅಷ್ಟರಲ್ಲಿ ಬಾಟಲಿ ಸುರಿದಾಗಿತ್ತು. ನಾಲ್ಕನೆಯ ದಿನ ಚುಕ್ಕೆ ಮಾಯ. ಎದೆಯುಬ್ಬಿಸಿ ಹಾಲಿನ ತುಂಬ ಓಡಾಡಿದ.

"ನೋಡಿದ್ರಾ ಭಾವಾ? ಒಂದೇ ಬಾಟ್ಲಿ! ಎಲ್ಲಾ ಕ್ಲೀನು!"

"ವಾಸಿ ಆಗಿಲ್ಲ ಸಾರ್," ಎಂದಳು ಅಕ್ಕ. "ಹೊಟ್ಟೆ ತುಂಬಿದ ಮೇಲೆ ಅದು ತಾನಾಗೇ ಮೀನು ಬಿಟ್ಟು ಮರಳಿಗೆ ಬೀಳುತ್ತೆ. ಅಲ್ಲಿ ಚಿಪ್ಪು ಕಟ್ಕೊಂಡು ಒಂದಕ್ಕೆ ನೂರಾಗುತ್ತೆ. ಮೀನೆಲ್ಲಾ ಆಚೆ ತೆಗೀಬೇಕು. ತೊಟ್ಟೀಲಿ ನೀರಿರಲಿ, ಆದ್ರೆ ಹನ್ನೊಂದು ವಾರ ಮೀನಿಲ್ದೆ ಖಾಲಿ ಇರಬೇಕು. ಮೀನಿನ ಮೈ ಸಿಗದೆ ಅವು ಸಾಯ್ತವೆ."

"ಖಾಲಿ ತೊಟ್ಟಿ ನೋಡ್ಕೊಂಡು ಕೂತ್ಕೋಬೇಕಾ ಪೇಷಂಟುಗಳು?" ಡಾಕ್ಟರು ನಕ್ಕರು.

"ಸತ್ತ ಮೀನು ನೋಡೋಕಿಂತ ವಾಸಿ ಅಲ್ವಾ ಸಾರ್?"

"ಅಕ್ಕಾ, ನೆಲ ಒರ್ಸಕ್ಕಾ ನೀನು," ಎಂದ ಭಾಮೈದ.

ಜನರ ಕಣ್ಣಿನ ಮೂಲೆಯ ಧೂಳು ಹುಡುಕಿ ತೆಗೆಯುವ ಡಾಕ್ಟರು, ಮೂಗಿನ ಕೆಳಗಿದ್ದ ತೊಟ್ಟಿಗೆ ಬಗ್ಗಿ ನೋಡಲಿಲ್ಲ. ಇನ್ನೊಂದು ವಾರಕ್ಕೆ ಚುಕ್ಕೆ ಹತ್ತು ಪಟ್ಟಾಗಿ ಎದ್ದಿತು. ನಾಲ್ಕು ಮೀನು ಮಗುಚಿದವು. ಉಳಿದದ್ದು ಮೂರು. ಹಳದಿ ಮೀನು ತಿನ್ನುವುದನ್ನು ಬಿಟ್ಟು, ಮೂಲೆಯಲ್ಲಿ ಏದುಸಿರು ಬಿಡುತ್ತಿತ್ತು. ಭಾಮೈದನಿಗೆ ಅಂಗಡಿಯಲ್ಲಿ ಇದ್ದಕ್ಕಿದ್ದಂತೆ ಬಹಳ ಕೆಲಸ ಬಂತು.

ಆಗ ಡಾಕ್ಟರು ಬಂದು, ಬೇರೆ ಕಡೆ ನೋಡುತ್ತ, "ಏನ್ ಮಾಡ್ತೀಯೋ ಮಾಡಮ್ಮಾ" ಎಂದರು.

ಅಕ್ಕ ಉಗ್ರಾಣದಲ್ಲಿ ಎರಡು ದೊಡ್ಡ ಬಕೆಟ್ಟು ಇಟ್ಟಳು, ಒಂದು ನೀಲಿ, ಒಂದು ಕೆಂಪು. ಮರಳಿಲ್ಲ, ಕಲ್ಲಿಲ್ಲ; ಹೊಸ ಉಪ್ಪುನೀರು ಮತ್ತು ಗಾಳಿಯ ಕೊಳವೆ ಮಾತ್ರ. ಮೂರು ದಿನ ನೀಲಿಯಲ್ಲಿ. ಮೈಯಿಂದ ಉದುರಿದ ಚುಕ್ಕೆ ತಳದಲ್ಲಿ ಮರಿ ಒಡೆಯುವ ಮೊದಲೇ, ಬೆಳಿಗ್ಗೆ ತೂತಿನ ಬುಟ್ಟಿಯಲ್ಲಿ ಮೀನೆತ್ತಿ, ನೀರು ಸೋರಿಸಿ, ಕೆಂಪಿಗೆ. ನೀಲಿಯನ್ನು ತಿಕ್ಕಿ, ತೊಳೆದು, ಬಿಸಿಲಲ್ಲಿ ಕಟಕಟ ಒಣಗಿಸುವುದು. ಮತ್ತೆ ಮೂರು ದಿನಕ್ಕೆ ಕೆಂಪಿನಿಂದ ನೀಲಿಗೆ. ಹನ್ನೆರಡು ದಿನದಲ್ಲಿ ನಾಲ್ಕು ಸಲ ಹೀಗೆ. ಒಂದು ಹನಿ ಹಳೆಯ ನೀರೂ ಜೊತೆಗೆ ಹೋಗಬಾರದು.

"ಬಕೆಟ್ ಬದಲಾಯಿಸೋದೂ ಒಂದು ಔಷಧೀನಾ?" ಎಂದು ಬಾಗಿಲಲ್ಲಿ ನಿಂತು ಹಲ್ಲುಕಿರಿದ ಭಾಮೈದ.

"ಹೂಂ, ಓದೋಕೆ ಲೇಬಲ್ ಇಲ್ಲ. ನಿಂಗೆ ಅನುಕೂಲ," ಎಂದಳು.

ಒಂಬತ್ತನೆಯ ದಿನದ ಹೊತ್ತಿಗೆ ಎರಡು ಚಿಕ್ಕ ಮೀನುಗಳು ಚುರುಕಾಗಿದ್ದವು. ಹಳದಿಯದರ ಮೈ ಶುಭ್ರವಾಗಿತ್ತು, ತಿನ್ನಲು ಮಾತ್ರ ಬಾಯಿ ತೆರೆದಿರಲಿಲ್ಲ. ಹತ್ತನೆಯ ಬೆಳಿಗ್ಗೆ ಅಕ್ಕ ಬಂದು ನೋಡಿದರೆ, ನೀರಿನ ಮಟ್ಟ ಗುರುತಿಸಲು ಬಕೆಟ್ಟಿನ ಹೊರಗೆ ತಾನು ಅಂಟಿಸಿದ್ದ ಪಟ್ಟಿಗಿಂತ ನೀರು ಎರಡು ಬೆರಳು ಮೇಲಿದೆ.

"ಯಾರು ಮುಟ್ಟಿದ್ದು?"

"ನಾನೇ ಅಕ್ಕಾ," ಎಂದ ಭಾಮೈದ, ಬಹುಮಾನ ಕೇಳುವವನಂತೆ. "ಸಪ್ಪಗಿತ್ತು ಪಾಪ. ಹಳೇ ಮನೆ ನೀರು ಸಿಕ್ರೆ ಖುಷಿಯಾಗುತ್ತೆ ಅಂತ, ತೊಟ್ಟಿಯಿಂದ ಎರಡು ಜಗ್ ತಂದು ಹಾಕ್ದೆ."

ಇಂಥ ಕರುಣೆಗೆ ಏನೆನ್ನಬೇಕು? ಹಸಿದ ಜೀವಿಗಳ ಹಿಂಡನ್ನು ಜಗ್ಗಿನಲ್ಲಿ ತುಂಬಿ ತಂದು ಉಪಚಾರ ಮಾಡಿದ್ದಾನೆ ಪುಣ್ಯಾತ್ಮ! ಒಂಬತ್ತು ದಿನದ ದುಡಿಮೆ ನೀರುಪಾಲು. ಅಕ್ಕ ಅವನ ಕೈಯಿಂದ ಜಗ್ಗು ಕಿತ್ತು ಬಿಸಿಲಿಗೆ ಎಸೆದಳು, ದಿನಕ್ಕೊಂದರಂತೆ ಗೋಡೆಯ ಮೇಲೆ ಎಳೆದಿದ್ದ ಒಂಬತ್ತು ಗೀಟುಗಳನ್ನು ಒರೆಸಿದಳು, ಒಣ ಬಕೆಟ್ಟಿಗೆ ಮೀನುಗಳನ್ನು ಎತ್ತಿ ಮೊದಲನೆಯ ಗೀಟು ಎಳೆದಳು. ಉಗ್ರಾಣಕ್ಕೆ ಬೀಗ ಜಡಿದು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿದಳು.

ಹೊಸ ಲೆಕ್ಕದ ಆರನೆಯ ದಿನ, ಅವಳ ಬೆರಳ ತುದಿಯಲ್ಲಿದ್ದ ಕಡಲಪಾಚಿಯ ಚೂರನ್ನು ಹಳದಿ ಮೀನು ಕಚ್ಚಿ ಎಳೆಯಿತು. ಅಕ್ಕ ಅಂದು ನೆಲ ಒರೆಸುವಾಗ ಏನೋ ಗುನುಗುತ್ತಿದ್ದಳಂತೆ. ಹನ್ನೆರಡು ಗೀಟು ಮುಗಿದವು. ಆಮೇಲೆ ಹನ್ನೊಂದು ವಾರ ತುಂಬುವವರೆಗೆ ಮೀನುಗಳು ಉಗ್ರಾಣದಲ್ಲೇ ಉಳಿದವು, ರೋಗಿಗಳು ಖಾಲಿ ತೊಟ್ಟಿ ನೋಡುತ್ತ ಕೂತರು. ಯಾರ ಕಣ್ಣೂ ಅದರಿಂದ ಕೆಡಲಿಲ್ಲ.

ಮೀನುಗಳನ್ನು ತೊಟ್ಟಿಗೆ ಮರಳಿಸುವ ದಿನ ಹಾಲಿನ ತುಂಬ ಜನ. ಭಾಮೈದ ಅಂಗಡಿಯಿಂದ ಓಡೋಡಿ ಬಂದ, ತೋಳು ಮಡಚಿ.

"ಭಾರ ಇದೆಯಲ್ಲಕ್ಕಾ, ಒಂದು ಕಡೆ ನಾನು ಹಿಡೀತೀನಿ. ಕೊಡು."

ಡಾಕ್ಟರೂ ಎದ್ದು ನಿಂತರು. "ಹಿಡೀಲಿ ಬಿಡಮ್ಮಾ, ಸಹಾಯಕ್ಕೆ ತಾನೇ ಬಂದಿರೋದು."

ಅಕ್ಕ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿ ಅವನ ಬೆರಳುಗಳನ್ನು ನೋಡಿದಳು. ಅಂಗಡಿಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಬೇಡ ತಮ್ಮಾ. ನಿನ್ ಕೈ ಇನ್ನೂ ಒದ್ದೆ ಇದೆ. ಬಿಸಿಲಲ್ಲಿ ನಿಂತ್ಕೋ ಹೋಗು. ಹೋಗೋವಾಗ ಬಾಗಿಲನ್ನೂ ಮುಟ್ಬೇಡ, ನಾನೇ ತೆಗೀತೀನಿ."